ಪುಸ್ತಕದ ದವಡೆ ಬೇರೆ, ನಮ್ಮ ದವಡೆ ಬೇರೆ

ಮದ್ರಸದಲ್ಲಿ ಮಕ್ಕಳಿಗೆ ಅಕ್ಷರದ ಉಚ್ಚಾರ ಕಲಿಸುವಾಗ ನಾವು ಮೊದಲು ತೋರಿಸುವುದು ತುಟಿಯನ್ನು. ‘ಬಾ’, ‘ಮೀಮ್’, ‘ವಾವ್’ ಹುಟ್ಟುವುದು ಎರಡು ತುಟಿಗಳ ನಡುವೆ. ‘ಫಾ’ ಹೇಳಬೇಕಾದರೆ ಮೇಲಿನ ಮುಂದಿನ ಹಲ್ಲಿನ ತುದಿ ಕೆಳತುಟಿಯ ಒಳಬದಿಗೆ ತಾಗಬೇಕು. ಇಪ್ಪತ್ತು ವರ್ಷದಿಂದ ಇದನ್ನೇ ಹೇಳಿಕೊಟ್ಟು ಬಂದವರು ನಾವು. ಹಾಗಿರುವಾಗ ಹಲ್ಲಿನ ಡಾಕ್ಟರ್, "ಉಸ್ತಾದರೇ, ಈ ಹಲ್ಲು ತೆಗೆಯುವಾಗ ಕೆಳತುಟಿಯ ಒಂದು ಬದಿ ಜೋಮು ಹಿಡಿದು ಹಾಗೇ ಉಳಿಯುವ ಸಾಧ್ಯತೆ ಇದೆ" ಅಂದಾಗ ಕುಳಿತ ಕುರ್ಚಿಯಲ್ಲೇ ಬೆವರು ಬಂತು.

ನಮ್ಮ ಕೆಳದವಡೆಯ ಬಲಬದಿಯ ಬುದ್ಧಿಹಲ್ಲು ಅಡ್ಡ ಮಲಗಿತ್ತು. ವರ್ಷಕ್ಕೆ ಎರಡು ಮೂರು ಸಲ ವಸಡು ಬಾತು ಬಾಯಿ ತೆರೆಯಲಿಕ್ಕೆ ಆಗುತ್ತಿರಲಿಲ್ಲ. ಲವಂಗದ ಎಣ್ಣೆ, ಉಪ್ಪುನೀರು, ಮೆಡಿಕಲ್‌ನ ಮಾತ್ರೆ ಅಂತ ದಿನ ದೂಡಿದ್ದೆವು. ಕಡೆಗೆ ಹೋದಾಗ ಡಾಕ್ಟರ್ ಒಪಿಜಿ ತೆಗೆಸಿದರು. ಯಂತ್ರ ತಲೆಯ ಸುತ್ತ ಒಮ್ಮೆ ತಿರುಗಿ ಎರಡೂ ದವಡೆಯನ್ನು ಒಂದೇ ಹಾಳೆಯಲ್ಲಿ ತೋರಿಸುವ ಎಕ್ಸ್‌ರೇ ಅದು. ಅದನ್ನು ನೋಡಿ, "ಇದು ಸಾಲದು, ಸಿಬಿಸಿಟಿ ಬೇಕು" ಅಂದರು. ನಮ್ಮವರಲ್ಲಿ ಒಂದು ಮಾತಿದೆಯಲ್ಲ, ಸ್ಕ್ಯಾನಿಗೆ ಬರೆದರೆ ಕಮಿಷನ್ ಅಂತ. ಸುಳ್ಳು ಯಾಕೆ ಹೇಳುವುದು, ನಮ್ಮ ಮನಸ್ಸಿಗೂ ಮೊದಲು ಬಂದದ್ದು ಅದೇ.

ಡಾಕ್ಟರ್ ತಾಳ್ಮೆಯಿಂದ ವಿವರಿಸಿದರು. ಕೆಳದವಡೆಯ ಎಲುಬಿನ ಒಳಗೆ ಒಂದು ಕಾಲುವೆ ಇದೆ. ದವಡೆಯ ಹಿಂಭಾಗದಲ್ಲಿ, ಒಳಬದಿಯ ಒಂದು ತೂತಿನಿಂದ ನರ ಮತ್ತು ರಕ್ತನಾಳ ಅದರೊಳಗೆ ಹೋಗುತ್ತವೆ. ದವಡೆಹಲ್ಲುಗಳ ಬೇರಿನ ಕೆಳಗೆ ಸಾಗಿ, ಸಣ್ಣ ದವಡೆಹಲ್ಲುಗಳ ಹತ್ತಿರ ಇನ್ನೊಂದು ತೂತಿನಿಂದ ಹೊರಗೆ ಬಂದು ಕೆಳತುಟಿ, ಗಲ್ಲಕ್ಕೆ ಹರಡುತ್ತವೆ. ಆ ನರಕ್ಕೆ ಪೆಟ್ಟಾದರೆ ತುಟಿ ಅಲುಗಾಡುತ್ತದೆ, ಆದರೆ ಸ್ಪರ್ಶ ತಿಳಿಯುವುದಿಲ್ಲ. ಬಿಸಿ ಚಾ ಚೆಲ್ಲಿದರೂ, ಗಂಜಿಯ ಅಗುಳು ಅಂಟಿದರೂ ಗೊತ್ತಾಗುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಸರಿಯಾಗುತ್ತದೆ, ಅಪರೂಪಕ್ಕೆ ಕೆಲವರಿಗೆ ಕಾಯಂ ಉಳಿಯುತ್ತದೆ.

ಒಪಿಜಿಯಲ್ಲಿ ಆ ಕಾಲುವೆ ಎರಡು ಸಪೂರ ಬಿಳಿಗೆರೆಗಳಂತೆ ಕಾಣುತ್ತದೆ. ನಮ್ಮ ಹಲ್ಲಿನ ಬೇರು ತಾಗುವಲ್ಲಿ ಆ ಗೆರೆ ತುಂಡಾಗಿತ್ತು, ಬೇರು ಅಲ್ಲಿ ಕಪ್ಪಾಗಿ ಕಾಣುತ್ತಿತ್ತು. ನರ ತೀರಾ ಹತ್ತಿರ ಇರಬಹುದು ಎಂಬುದಕ್ಕೆ ಅದು ಸೂಚನೆ. ಆದರೆ ಒಪಿಜಿ ಚಪ್ಪಟೆ ಚಿತ್ರ. ಒಂದರ ಮೇಲೊಂದು ಬಿದ್ದ ನೆರಳು ಅಷ್ಟೇ. ನರ ಬೇರಿನ ಒಳಬದಿಯಲ್ಲಿದೆಯೋ, ಕೆನ್ನೆಯ ಬದಿಯಲ್ಲಿದೆಯೋ ಅದು ಹೇಳುವುದಿಲ್ಲ. ಸಿಬಿಸಿಟಿಯಲ್ಲಿ ದವಡೆಯನ್ನು ತೆಳು ತೆಳು ಹೋಳು ಮಾಡಿದ ಹಾಗೆ ಎಲ್ಲ ಬದಿಯಿಂದಲೂ ನೋಡಬಹುದು.

"ಎಲ್ಲರ ದವಡೆಯೂ ಒಂದೇ ರೀತಿ ಅಲ್ವಾ?" ಅಂತ ಕೇಳಿದೆವು. ಅಲ್ಲವಂತೆ. ಕೆಲವರಿಗೆ ಕಾಲುವೆ ಎರಡಾಗಿ ಕವಲೊಡೆದಿರುತ್ತದೆ. ಕೆಲವರಿಗೆ ಕಡೆಯ ಹಲ್ಲಿನ ಹಿಂದೆ ಒಂದು ಸಣ್ಣ ಕವಲು ಮೇಲಕ್ಕೆ ಏರುತ್ತದೆ. ಗಲ್ಲದ ಹತ್ತಿರದ ತೂತು ಕೆಲವರಿಗೆ ಒಂದರ ಬದಲು ಎರಡು. ಇನ್ನು ಕೆಲವರಲ್ಲಿ ನರ ಹೊರಗೆ ಬರುವ ಮೊದಲು ಮುಂದಕ್ಕೆ ಹೋಗಿ ತಿರುಗಿ ಬರುತ್ತದೆ. ಒಪಿಜಿ ಮಾತ್ರ ನೋಡಿ ಮಾಡಿದ ಹಳೆಯ ಅಧ್ಯಯನಗಳಲ್ಲಿ ಕವಲೊಡೆದ ಕಾಲುವೆ ಕಂಡದ್ದು ನೂರಕ್ಕೆ 1ಕ್ಕಿಂತ ಕಡಿಮೆ. ಸಿಬಿಸಿಟಿಯಲ್ಲಿ ನೋಡಿದ ಅಧ್ಯಯನಗಳಲ್ಲಿ ನೂರಕ್ಕೆ 15ರಿಂದ 65ರವರೆಗೂ ಸಿಕ್ಕಿದೆ. ದವಡೆ ಬದಲಾದದ್ದಲ್ಲ, ನೋಡುವ ಕಣ್ಣು ಚುರುಕಾದದ್ದು.

ಇದನ್ನು ಕೇಳುವಾಗ ಹಳೆಯದೊಂದು ನೆನಪಾಯಿತು. ಎಂಟು ಹತ್ತು ವರ್ಷದ ಹಿಂದೆ ಅದೇ ಬದಿಯ ಒಂದು ದವಡೆಹಲ್ಲು ಬೇರೊಂದು ಕಡೆ ತೆಗೆಸಿದ್ದೆವು. ಎರಡು ಇಂಜೆಕ್ಷನ್ ಕೊಟ್ಟರೂ ಜೀವ ಹೋಗುವಷ್ಟು ನೋವು. "ನೋವಾಗುತ್ತದೆ" ಅಂದರೆ, "ನಿಮಗೆ ಹೆದರಿಕೆ, ಸುಮ್ಮನಿರಿ" ಅಂತ ಗದರಿಸಿದ್ದರು. ನಾವೂ ನಮ್ಮದೇ ಪುಕ್ಕಲುತನ ಅಂತ ನಾಚಿಕೊಂಡು ಬಂದೆವು. ಇಂತಹ ಕವಲು ಇದ್ದರೆ ಮಾಮೂಲಿ ಜಾಗಕ್ಕೆ ಕೊಟ್ಟ ಇಂಜೆಕ್ಷನ್ ಆ ಕವಲಿಗೆ ಸರಿಯಾಗಿ ಮುಟ್ಟದೆ ಇರಬಹುದು ಎಂದು ಈಗ ತಿಳಿಯಿತು. ಕೀವು ತುಂಬಿದಾಗಲೂ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲವಂತೆ. ಕಾರಣ ಯಾವುದೇ ಇರಲಿ, ನೋವು ಅಂದವರನ್ನು ಹೆದರುಪುಕ್ಕಲರು ಅನ್ನುವುದು ಉತ್ತರವಲ್ಲ.

ಮನೆಗೆ ಬಂದು ಯೋಚಿಸುವಾಗ ಚರಿತ್ರೆಯಲ್ಲಿ ಓದಿದ ಅಬ್ದುಲ್ ಲತೀಫ್ ಅಲ್ ಬಗ್ದಾದಿಯವರು ನೆನಪಾದರು. 1162ರಲ್ಲಿ ಬಗ್ದಾದಿನಲ್ಲಿ ಹುಟ್ಟಿದ ವೈದ್ಯ, ವಿದ್ವಾಂಸ. 1200ರ ಹೊತ್ತಿಗೆ ಈಜಿಪ್ಟಿನಲ್ಲಿ ನೈಲ್ ನದಿಯ ನೀರು ಕಡಿಮೆಯಾಗಿ ಭೀಕರ ಬರಗಾಲ ಬಂದಾಗ ಅವರು ಅಲ್ಲೇ ಇದ್ದರು. ಸತ್ತವರ ಎಲುಬುಗಳು ರಾಶಿ ಬಿದ್ದಿದ್ದವು. ಅದಕ್ಕೂ ಸಾವಿರ ವರ್ಷ ಹಿಂದಿನ ಗ್ರೀಕ್ ವೈದ್ಯ ಗ್ಯಾಲನ್, ಕೆಳದವಡೆ ಎರಡು ಎಲುಬುಗಳಿಂದ ಆಗಿದ್ದು ಗಲ್ಲದಲ್ಲಿ ಕೂಡಿದೆ ಎಂದು ಬರೆದಿದ್ದ. ಎಲ್ಲರೂ ಅದನ್ನೇ ಓದಿ, ಅದನ್ನೇ ಕಲಿಸುತ್ತಿದ್ದರು. ಬಗ್ದಾದಿಯವರು ಎಲುಬನ್ನು ಕೈಯಲ್ಲಿ ಹಿಡಿದು ನೋಡಿದರು, ಜೊತೆಯವರಿಂದಲೂ ನೋಡಿಸಿದರು. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆ ಪರಿಶೀಲಿಸಿದರೂ ಕೂಡಿದ ಗುರುತು ಸಿಗಲಿಲ್ಲ. ಕೆಳದವಡೆ ಒಂದೇ ಎಲುಬು ಎಂದು ಬರೆದರು. ಹುಟ್ಟುವಾಗ ಎರಡು ಭಾಗವಾಗಿರುವುದು ಮಗುವಿನ ಮೊದಲ ವರ್ಷದಲ್ಲೇ ಕೂಡಿ ಒಂದಾಗುತ್ತದೆ ಎಂದು ಈಗ ಗೊತ್ತಿದೆ. ದೊಡ್ಡವರ ದವಡೆಯ ಮಟ್ಟಿಗೆ ಅವರು ಹೇಳಿದ್ದೇ ಸರಿ.

ಗ್ಯಾಲನ್ ಬಗ್ಗೆ ಅವರಿಗೆ ಗೌರವ ಕಡಿಮೆ ಇರಲಿಲ್ಲ. ಆದರೆ ಕಣ್ಣಾರೆ ಕಂಡದ್ದಕ್ಕೆ ಹೆಚ್ಚು ತೂಕ ಕೊಟ್ಟರು. ನಮ್ಮ ಡಾಕ್ಟರ್ ಕೇಳಿದ್ದೂ ಅಷ್ಟೇ ಅಲ್ವಾ? ಪುಸ್ತಕದ ಚಿತ್ರ ನಂಬಿ ಕೈಹಾಕುವುದಿಲ್ಲ, ನಿಮ್ಮ ದವಡೆ ನೋಡಿ ಕೈಹಾಕುತ್ತೇನೆ ಅಂತ.

ಮರುದಿನವೇ ಸಿಬಿಸಿಟಿ ಮಾಡಿಸಿದೆವು. ಯಂತ್ರ ತಿರುಗಿದ್ದು ಒಂದು ನಿಮಿಷವೂ ಇಲ್ಲ. ನರ ಬೇರಿಗೆ ಒತ್ತಿಕೊಂಡು ಒಳಬದಿಯಲ್ಲಿ ಸಿಕ್ಕಿಬಿದ್ದಿತ್ತು. ಹಿಂದೆ ಒಂದು ಸಣ್ಣ ಕವಲೂ ಇತ್ತು. ಡಾಕ್ಟರ್ ಯೋಜನೆ ಬದಲಿಸಿದರು. ಬೇರಿನಲ್ಲಿ ಕೀವು ಇಲ್ಲದ ಕಾರಣ ಹಲ್ಲಿನ ಮೇಲ್ಭಾಗ ಮಾತ್ರ ತೆಗೆದು ಬೇರನ್ನು ಅಲ್ಲೇ ಬಿಟ್ಟರು. ಇದಕ್ಕೆ ಕೊರೊನೆಕ್ಟಮಿ ಅನ್ನುತ್ತಾರೆ. ಹಿಂಬದಿಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರು, ನೋವು ತಿಳಿಯಲಿಲ್ಲ. ಸಂಜೆ ಜೋಮು ಇಳಿದ ಮೇಲೆ ಕನ್ನಡಿಯ ಮುಂದೆ ನಿಂತು ಮೆಲ್ಲಗೆ ‘ಫಾ’ ಹೇಳಿ ನೋಡಿದೆವು. ಹಲ್ಲು ತುಟಿಗೆ ತಾಗಿದ್ದು ಗೊತ್ತಾಯಿತು. ಅಲ್‌ಹಮ್ದುಲಿಲ್ಲಾಹ್.

ಹಾಗಂತ ಪ್ರತಿ ಹಲ್ಲುನೋವಿಗೂ ಸಿಬಿಸಿಟಿ ಬೇಡ. ಅದರಲ್ಲಿ ಸಾಮಾನ್ಯವಾಗಿ ಒಪಿಜಿಗಿಂತ ಹೆಚ್ಚು ವಿಕಿರಣ ಇದೆ, ಖರ್ಚೂ ಹೆಚ್ಚು. ಒಪಿಜಿಯಲ್ಲಿ ಬೇರು ನರದಿಂದ ದೂರ ಕಂಡರೆ ಅಷ್ಟೇ ಸಾಕು. ಬೇರು ನರಕ್ಕೆ ತಾಗಿದಂತೆ ಕಂಡರೆ, ಕೆಳದವಡೆಗೆ ಇಂಪ್ಲಾಂಟ್ ಹಾಕಿಸುವುದಿದ್ದರೆ, "ಸ್ಕ್ಯಾನ್ ಯಾಕೆ ಬೇಕು, ಚಿತ್ರದಲ್ಲಿ ತೋರಿಸಿ" ಅಂತ ಧೈರ್ಯವಾಗಿ ಕೇಳಿ. ಗಲ್ಲದ ಒಳಬದಿಯ ಸಣ್ಣ ತೂತುಗಳಲ್ಲೂ ರಕ್ತನಾಳಗಳಿವೆ. ಇಂಪ್ಲಾಂಟ್ ಕೊರೆಯುವಾಗ ಅದಕ್ಕೆ ತಾಗಿದರೆ ನಾಲಗೆಯ ಕೆಳಗೆ ರಕ್ತ ತುಂಬಿ ಉಸಿರಿಗೇ ತೊಂದರೆಯಾದದ್ದಿದೆ. ಗರ್ಭಿಣಿಯರು ಎಕ್ಸ್‌ರೇಗೆ ಮೊದಲೇ ವಿಷಯ ಹೇಳಬೇಕು. ಖರ್ಚಿನ ಚಿಂತೆ ಇರುವವರು ಮಂಗಳೂರು, ದೇರಳಕಟ್ಟೆ ಕಡೆಯ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ.

ಗಲ್ಫಿಗೆ ಹೊರಡುವ ಹುಡುಗರಿಗೆ ಒಂದು ಮಾತು. ಟಿಕೆಟ್ ಆದ ಮೇಲೆ ಎರಡು ದಿನ ಇರುವಾಗ ಬುದ್ಧಿಹಲ್ಲು ತೆಗೆಸಲು ಓಡಬೇಡಿ, ತಿಂಗಳು ಮೊದಲೇ ತೋರಿಸಿ. ಹಿಂದೆ ಇಂಜೆಕ್ಷನ್ ಹಿಡಿಯದೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ತೆಗೆಸಿದ ಫಿಲ್ಮ್, ಸಿಡಿ ಬಿಸಾಡಬೇಡಿ, ಪಾಸ್‌ಪೋರ್ಟ್ ಇಡುವ ಕಪಾಟಿನಲ್ಲೇ ಇಡಿ. ಮುಂದೆ ಬೇರೆ ಡಾಕ್ಟರ್ ನೋಡುವಾಗ ನಿಮ್ಮ ದವಡೆಯ ದಾರಿ ಅವರಿಗೂ ಗೊತ್ತಿರಲಿ.