ಹಿರೇಮದ್ದಿನ ಬೇರು: ತೂಕದಷ್ಟೇ ಸತ್ವವೂ ಮುಖ್ಯ



ಹಿರೇಮದ್ದು, ಅಂದರೆ ಅಶ್ವಗಂಧದ ಬೇರಿಗೆ ದಪ್ಪ, ಉದ್ದ ಮತ್ತು ಬಿಳುಪನ್ನು ನೋಡಿ ಬೆಲೆ ಕಟ್ಟುವುದು ವಾಡಿಕೆ. ಆದರೆ ಸಾರ ತೆಗೆಯುವ ಕಾರ್ಖಾನೆಯವರು ಬೇರಿನೊಳಗಿನ ‘ವಿಥನೊಲೈಡ್’ ಎಂಬ ಸತ್ವಗಳ ಪ್ರಮಾಣವನ್ನೂ ಪರೀಕ್ಷಿಸುತ್ತಾರೆ. ನಿಮ್ಮ ಮಾಲು ಒಪ್ಪಿಗೆಯಾಗುವುದೂ ತಿರಸ್ಕಾರವಾಗುವುದೂ ಇದನ್ನು ಅವಲಂಬಿಸಿರಬಹುದು.

ಲೆಕ್ಕ ಹೀಗಿದೆ: ಶೇಕಡ 5ರ ಸಾರವೆಂದರೆ ಅದರ ಒಂದು ಕಿಲೋದಲ್ಲಿ 50 ಗ್ರಾಂ ಸತ್ವ ಇರಬೇಕು. ಬೇರಿನಲ್ಲಿ ಶೇಕಡ 0.5 ಸತ್ವವಿದ್ದು, ಅದೆಲ್ಲವೂ ಹೊರಬಂದರೆ, 10 ಕಿಲೋ ಬೇರು ಸಾಕು. ಶೇಕಡ 0.25 ಮಾತ್ರ ಇದ್ದರೆ 20 ಕಿಲೋ ಬೇಕು.

ಪರೀಕ್ಷೆ ಹೇಗೆ?

ಒತ್ತುಕಾಗದದ ಮೇಲೆ ಮಸಿಯ ಚುಕ್ಕೆಯಿಟ್ಟು ತುದಿಯನ್ನು ನೀರಿಗೆ ತಾಗಿಸಿದರೆ, ನೀರು ಏರಿದಂತೆ ಮಸಿಯ ಬಣ್ಣಗಳು ಬೇರೆಬೇರೆಯಾಗುತ್ತವೆ. ಕ್ರೊಮ್ಯಾಟೊಗ್ರಫಿಯ ತತ್ವವೂ ಇದೇ. ಸಿಲಿಕಾ ಲೇಪಿಸಿದ ತಟ್ಟೆಯ ಮೇಲೆ ಬೇರಿನ ಸಾರವನ್ನೂ ಶುದ್ಧ ಮಾದರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಗುರುತು ಸಿಗುತ್ತದೆ. ಪ್ರಮಾಣವನ್ನು ನಿಖರವಾಗಿ ಅಳೆಯಲು ಎಚ್.ಪಿ.ಎಲ್.ಸಿ. ಎಂಬ ಯಂತ್ರವಿದೆ. ತೂಗಿ ಅಳೆಯುವ ಹಳೆಯ ವಿಧಾನದಲ್ಲಿ ಇತರ ವಸ್ತುಗಳೂ ಸೇರಿ ಅಂಕಿ ಹೆಚ್ಚಾಗಿ ಕಾಣಬಹುದು. ಆದುದರಿಂದ ವಿಧಾನ ತಿಳಿಯದೆ ಎರಡು ವರದಿಗಳನ್ನು ಹೋಲಿಸಬೇಡಿ.

ಎಲೆ ಬೆರೆಸದಿರಿ

ಎಲೆಯಲ್ಲಿ ವಿಥಫೆರಿನ್-ಎ ಎಂಬ ಸತ್ವ ಬೇರಿಗಿಂತ ಹೆಚ್ಚು. ಎಲೆ ಬೆರೆಸಿದರೆ ಒಟ್ಟು ಅಂಕಿ ಏರಬಹುದು. ಆದರೆ ಸತ್ವಗಳ ಪರಸ್ಪರ ಪ್ರಮಾಣ ಬದಲಾಗುವುದರಿಂದ ಬೆರಕೆ ಸಿಕ್ಕಿಬೀಳುತ್ತದೆ. ಅಶ್ವಗಂಧದ ಎಲೆಯನ್ನು ಬಳಸದಂತೆ ಕೇಂದ್ರದ ಆಯುಷ್ ಸಚಿವಾಲಯವು 2021ರಲ್ಲಿ ಔಷಧಿ ತಯಾರಕರಿಗೆ ಸೂಚಿಸಿದೆ.

ನೀವು ಅನುಸರಿಸಬೇಕಾದ ಕ್ರಮಗಳು

1. ಬಿತ್ತಿದ ಸುಮಾರು 150ರಿಂದ 180 ದಿನಗಳಲ್ಲಿ, ಎಲೆಗಳು ಒಣಗತೊಡಗಿ ಹಣ್ಣುಗಳು ಕೆಂಪಾದಾಗ ಬೇರು ಕೀಳಿರಿ.

2. ಬೇರನ್ನು ಕಾಂಡದಿಂದ ಬೇರ್ಪಡಿಸಿ, ಮಣ್ಣು ತೊಳೆದು, 7ರಿಂದ 10 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಚೆನ್ನಾಗಿ ಒಣಗಿಸಿರಿ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ.

3. ಬೇರೆ ಬೇರೆ ಹೊಲದ, ಬೇರೆ ಬೇರೆ ದಿನ ಕಿತ್ತ ಬೇರನ್ನು ಒಂದೇ ಚೀಲಕ್ಕೆ ತುಂಬದೆ, ಪ್ರತಿ ಚೀಲಕ್ಕೂ ಚೀಟಿ ಕಟ್ಟಿರಿ.

4. ಮಾದರಿ ತೆಗೆಯುವಾಗ ಆಯ್ದ ದಪ್ಪ ಬೇರುಗಳನ್ನಷ್ಟೇ ಕೊಡಬೇಡಿ. ಒಂದು ರಾಶಿಗೆ ಸೇರಿದ ಎಲ್ಲ ಚೀಲಗಳಿಂದಲೂ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಕಲಸಿ, ಎರಡು ಭಾಗ ಮಾಡಿರಿ. ಒಂದನ್ನು ಪರೀಕ್ಷೆಗೆ ಕಳುಹಿಸಿ. ಇನ್ನೊಂದನ್ನು ಇಬ್ಬರ ಸಹಿಯೊಡನೆ ಮೊಹರು ಮಾಡಿ ನಿಮ್ಮಲ್ಲಿಟ್ಟುಕೊಳ್ಳಿ.

ಪರೀಕ್ಷೆಯ ವಿಧಾನ, ಖರ್ಚು ಹೊರುವವರು ಮತ್ತು ಸತ್ವಕ್ಕೆ ತಕ್ಕ ದರ, ಈ ಮೂರನ್ನೂ ಮಾರಾಟಕ್ಕೆ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಮಾಲು ಕಾರ್ಖಾನೆಯ ಗೋದಾಮು ಸೇರಿದ ಮೇಲೆ ಅಂಕಿಯ ಬಗ್ಗೆ ವಾದಿಸುವುದು ಕಷ್ಟ. ಮೊಹರಾದ ಮಾದರಿ ಕೈಯಲ್ಲಿದ್ದರೆ ಮರುಪರೀಕ್ಷೆ ಕೇಳಲು ನಿಮಗೆ ಆಧಾರವಿರುತ್ತದೆ.