ಗದ್ದೆಯೋ, ಡಾಕ್ಟರಿಕೆಯೋ?

ಪ್ರಾಯಕ್ಕೆ ಬಂದ ಮಗಳಿದ್ದ ಮನೆಯಲ್ಲಿ ವರನ ಚಿಂತೆ ಎಂಬುದು ಹಳೆಯ ಮಾತು. ಪಿ.ಯು.ಸಿ. ಮುಗಿಸಿದ ಮಗಳಿದ್ದ ಮನೆಯಲ್ಲಿ ಈಗ ಸೀಟಿನ ಚಿಂತೆ. ವರದಕ್ಷಿಣೆಯ ಮಾತೆತ್ತಲು ನಾಚುವ ಸಭ್ಯ ಗೃಹಸ್ಥರೂ ಸೀಟಿನ ದರವನ್ನು ಮಾತ್ರ ಪೇಟೆಯ ಧಾರಣೆಯಂತೆ ಪರಸ್ಪರ ವಿಚಾರಿಸಿಕೊಳ್ಳುತ್ತಾರೆ.

ಎರಡು ವರ್ಷಗಳ ಹಿಂದೆ, ಶ್ರಾವಣದ ಒಂದು ಸಂಜೆ, ಹುಬ್ಬಳ್ಳಿಯ ನಮ್ಮ ಮನೆಗೆ ಮಿತ್ರರೊಬ್ಬರು ನೆನೆದ ಛತ್ರಿಯೊಡನೆ ಬಂದರು. ಪ್ರೌಢಶಾಲೆಯ ಉಪಾಧ್ಯಾಯರು, ಮೂಲತಃ ಮುಂಡಗೋಡ ತಾಲೂಕಿನ ಪಾಳಾದವರು. ಅಲ್ಲಿ ಅವರಿಗೆ ನಾಲ್ಕು ಎಕರೆ ಗದ್ದೆಯುಂಟು. ವೃದ್ಧ ತಾಯಿ ಅದನ್ನು ಬಿಟ್ಟು ಪಟ್ಟಣಕ್ಕೆ ಬರಲೊಲ್ಲರು. ಹಿರಿಯ ಮಗಳು ನೀಟ್ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದಳು. ಆದರೆ ಸರ್ಕಾರಿ ಕಾಲೇಜು ಸಿಗುವಷ್ಟು ಮೇಲಿನ ಸ್ಥಾನ ಬಂದಿರಲಿಲ್ಲ. ಆಗಷ್ಟೇ ಆರಂಭವಾಗಿದ್ದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಖಾಸಗಿ ಕೋಟಾದ ಸೀಟು ದೊರೆಯುವಂತಿತ್ತು. ವರ್ಷಕ್ಕೆ ಹನ್ನೊಂದು ಲಕ್ಷ ರೂಪಾಯಿ. ವಸತಿ, ಊಟ, ಪುಸ್ತಕಗಳ ವೆಚ್ಚ ಬೇರೆ. ನಾಲ್ಕು ದಿನಗಳೊಳಗೆ ಮೊದಲ ಕಂತು ಕಟ್ಟಬೇಕು.

“ಗದ್ದೆ ಮಾರಿದರೆ ಅರ್ಧ ಹೊಂದುತ್ತದೆ, ಉಳಿದದ್ದು ಸಾಲ. ನೀವೇನು ಹೇಳುತ್ತೀರಿ?” ಎಂದು ಕೇಳಿದರು.

ಇಂಥ ಪ್ರಶ್ನೆಗೆ ಉತ್ತರ ಹೇಳುವವನು ಮೂರ್ಖ, ಹೇಳದೆ ತಪ್ಪಿಸಿಕೊಳ್ಳುವವನು ಮಿತ್ರನಲ್ಲ. ಕಾಫಿ ತರಿಸಿ ಸ್ವಲ್ಪ ಕಾಲ ಪಡೆದುಕೊಂಡೆ.

ಆ ಮನೆಯವರಿಗೆ ಡಾಕ್ಟರಿಕೆ ಬರಿಯ ಪ್ರತಿಷ್ಠೆಯ ಮಾತಾಗಿರಲಿಲ್ಲ. ಹುಡುಗಿಯ ಅಜ್ಜನಿಗೆ ಒಂದು ಮಳೆಗಾಲದ ರಾತ್ರಿ ಎದೆನೋವು ಕಾಣಿಸಿಕೊಂಡಿತು. ಪಾಳಾದಿಂದ ಬಾಡಿಗೆಯ ಗಾಡಿಯಲ್ಲಿ ಹುಬ್ಬಳ್ಳಿಗೆ ಹೊರಟವರು ತಡಸ ದಾಟುವುದರೊಳಗೆ ಉಸಿರು ನಿಂತಿತು. ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಇಂಥ ಒಂದು ರಸ್ತೆಯ ಕಥೆಯಿದೆ. ಘಟ್ಟದ ಮೇಲಿನವರು ಹುಬ್ಬಳ್ಳಿ-ಧಾರವಾಡಕ್ಕೆ ಓಡಬೇಕು, ಕರಾವಳಿಯವರು ಮಣಿಪಾಲಕ್ಕೋ ಗೋವೆಗೋ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಮಡಿದಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಲ್ಲಿ ಎದ್ದಿತು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಲ್ಲಿಯೇ ಆರಂಭವಾಗಿದ್ದರೂ, ಮುಂಡಗೋಡದವರಿಗೆ ಕಾರವಾರಕ್ಕಿಂತ ಹುಬ್ಬಳ್ಳಿಯೇ ಹತ್ತಿರ. ಹೀಗಿರಲು, ಅಜ್ಜನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಡಾಕ್ಟರಾಗುವೆನೆಂದರೆ ಬೇಡವೆನ್ನುವ ಬಾಯಿ ಯಾವುದು?

ಹೊಸ ಕಾಲೇಜು, ದುಬಾರಿ ಶುಲ್ಕ - ಈ ಎರಡೂ ನಮ್ಮ ನಾಡಿಗೆ ಹೊಸವಲ್ಲ. 1953ರಲ್ಲಿ ಮಣಿಪಾಲದ ಮುರಕಲ್ಲಿನ ಬೋಳುಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದಾಗಲೂ ಅನೇಕ ತಂದೆಯರು ಇದೇ ಸಂದಿಗ್ಧದಲ್ಲಿ ಕುಳಿತಿರಬೇಕು. ಸರ್ಕಾರದ ಕಾಲೇಜುಗಳಿದ್ದವು, ವೆಲ್ಲೂರಿನಂಥ ಮಿಷನ್ ಕಾಲೇಜೂ ಇದ್ದಿತು. ಆದರೆ ವಿದ್ಯಾರ್ಥಿಗಳು ತರುವ ಹಣವನ್ನೇ ನೆಚ್ಚಿ ಖಾಸಗಿಯವರು ವೈದ್ಯಕೀಯ ಕಾಲೇಜು ನಡೆಸಬಹುದೆಂಬುದು ಆಗ ಕೇಳರಿಯದ ಮಾತು. ಪೈಯವರು ಸ್ವತಃ ವೈದ್ಯರು. ಜೊತೆಗೆ 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಮನೆಮನೆಯಿಂದ ದಿನಕ್ಕೆ ಎರಡಾಣೆಯಂತೆ ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಬಳಕೆಗೆ ತಂದ ಆ ಬ್ಯಾಂಕಿನವರಿಗೆ, ಹಲವರ ಹಣವನ್ನು ಒಟ್ಟುಗೂಡಿಸಿ ದೊಡ್ಡದೊಂದನ್ನು ಕಟ್ಟುವ ವಿದ್ಯೆ ಚೆನ್ನಾಗಿ ತಿಳಿದಿತ್ತು.

ಆಗ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲಿತ್ತು, ಉತ್ತರ ಕನ್ನಡವು ಮುಂಬಯಿಯ ಆಡಳಿತದಲ್ಲಿತ್ತು. ಆದರೂ ಮಣಿಪಾಲದ ಕಾಲೇಜು ಸೇರಿಕೊಂಡದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು ತೆರೆದದ್ದು 1957ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ತೆರೆದದ್ದು 1963ರಲ್ಲಿ. ಅದಕ್ಕೆ ಮುಂಚೆ ಈ ಭಾಗದ ಹುಡುಗರು ಡಾಕ್ಟರಿಕೆಗೆ ಮುಂಬಯಿ-ಪುಣೆಗಳ ದಾರಿ ಹಿಡಿಯಬೇಕಾಗಿತ್ತು.

ಮಿತ್ರರು ಈ ಇತಿಹಾಸವನ್ನು ಕೇಳಿ ಹಿಗ್ಗಿದರು. “ಹಾಗಾದರೆ ಅಂದು ಧೈರ್ಯ ಮಾಡಿದವರೇ ಗೆದ್ದರಲ್ಲವೇ?” ಎಂದರು.

ಗೆದ್ದರು, ದಿಟ. ಆದರೆ ಅಲ್ಲೊಂದು ಗುಟ್ಟಿದೆ. ಮಣಿಪಾಲದಲ್ಲಿ ಆಗ ಕಾಲೇಜಿಗೆ ತಕ್ಕ ಆಸ್ಪತ್ರೆಯೇ ಇರಲಿಲ್ಲ. ಕಸ್ತೂರ್ಬಾ ಆಸ್ಪತ್ರೆ ಆರಂಭವಾದದ್ದು 1961ರಲ್ಲಿ. ಮೊದಲ ವಿದ್ಯಾರ್ಥಿಗಳು ಶರೀರಶಾಸ್ತ್ರಾದಿಗಳನ್ನು ಗುಡ್ಡದ ಮೇಲೆ ಓದಿ, ರೋಗಿಗಳ ಹಾಸಿಗೆಯ ಬದಿಯ ಪಾಠಕ್ಕೆ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಗೆ ಹೋದರು. ಅದು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಆಸ್ಪತ್ರೆ, ಬಡಬಗ್ಗರಿಗೆಲ್ಲ ಆಶ್ರಯ. ಕಾಲೇಜು ಹೊಸದಾದರೂ ಕಲಿಸುವ ವಾರ್ಡು ಹಳೆಯದು. ಡಾಕ್ಟರನನ್ನು ತಯಾರಿಸುವುದು ಕಟ್ಟಡವಲ್ಲ, ಪ್ರೊಫೆಸರರೂ ಪೂರ್ತಿಯಾಗಿ ಅಲ್ಲ; ಕೆಮ್ಮುವ, ನರಳುವ, ಹೆರುವ ಜನ.

“ನಾಳೆ ಹೋಗಿ ಆ ಆಸ್ಪತ್ರೆಯನ್ನೇ ನೋಡಿಬರೋಣ. ಕಾಲೇಜಿನ ಪುಸ್ತಿಕೆ ಬೇಡ” ಎಂದೆ.

ಮರುದಿನ ಮಂಗಳವಾರ. ನಾವು ಮೂವರು ಹೋದೆವು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದು ನಾಳೆ ಉತ್ತಮವಾಗಲೂಬಹುದು. ಹೊಳೆಯುವ ನೆಲ, ಗಾಜಿನ ಗೋಡೆ, ಬಾಗಿಲಲ್ಲಿ ದೊಡ್ಡ ಗಣಪತಿ. ಹತ್ತೂವರೆ ಗಂಟೆಗೆ, ಎಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿಗೆ, ಹೊರರೋಗಿಗಳ ಬೆಂಚಿನಲ್ಲಿ ನಾನು ಎಣಿಸಿದ್ದು ಹದಿನಾಲ್ಕು ಜನ. ಅವರಲ್ಲಿ ಇಬ್ಬರು ಔಷಧ ಕಂಪನಿಯ ಪ್ರತಿನಿಧಿಗಳು! ಮೇಲಿನ ಮಹಡಿಯ ವಾರ್ಡಿನಲ್ಲಿ ಹಾಸಿಗೆಗಳು ಸಾಲಾಗಿ ಬೆಳ್ಳಗೆ ಮಡಿಯಾಗಿ ಕುಳಿತಿದ್ದವು. ಹುಡುಗಿ ಅವುಗಳನ್ನು ಬೆರಳು ಮಡಿಚಿ ಎಣಿಸುತ್ತ ಬಂದವಳು ಮೂವತ್ತರಲ್ಲಿ ಐದು ಮಾತ್ರ ತುಂಬಿವೆ ಎಂದು ಮೆಲ್ಲಗೆ ಹೇಳಿದಳು.

ನಿಯಮಗಳಿಲ್ಲವೇ ಎಂದರೆ ಇವೆ. 2020ರಲ್ಲಿ ಹಳೆಯ ಮೆಡಿಕಲ್ ಕೌನ್ಸಿಲಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಹೊರಡಿಸಿದ ಕಟ್ಟಳೆಯಂತೆ, ವರ್ಷಕ್ಕೆ 50 ವಿದ್ಯಾರ್ಥಿಗಳ ಕಾಲೇಜಿಗೆ 220, ನೂರಕ್ಕೆ 420, ನೂರೈವತ್ತಕ್ಕೆ 605 ಹಾಸಿಗೆಗಳ ಆಸ್ಪತ್ರೆ ಬೇಕು. ಆದರೆ ಹಾಸಿಗೆ ಕೊಳ್ಳುವುದು ಸುಲಭ, ರೋಗಿಯನ್ನು ಕೊಳ್ಳಲಾಗದು. ಆತ ನಂಬಿ ಬರಬೇಕು.

ಇನ್ನು ಹಣದ ವಿಷಯ. ಇದೂ ಹಳೆಯ ಹುಣ್ಣೇ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕವು 1984ರಲ್ಲಿ ಶಾಸನ ಮಾಡಿತು. 1989ರ ಸರ್ಕಾರಿ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000ದ ವರೆಗೆ ಎಂದು ಗೊತ್ತುಮಾಡಿತು. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜಿಗೆ ಸೇರಲು ಬಂದು, ಆ 60,000ವನ್ನು ಕೊಡಲಾರದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಳು, 1992ರಲ್ಲಿ ಗೆದ್ದಳು. ಮರುವರ್ಷವೇ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ತೀರ್ಪು ಬೇರೆ ರೂಪ ತಾಳಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ನೀಡಿದ ದೊಡ್ಡ ತೀರ್ಪಿಗೆ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರೇ ಅಂಟಿಕೊಂಡಿದೆ. ವಕೀಲರಿಗೆ ಇದೆಲ್ಲ ರಸಗವಳ. ತಂದೆಗೆ ತಿಳಿಯಬೇಕಾದದ್ದು ಇಷ್ಟೇ: ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬಳು ಕೊಡುವ ಶುಲ್ಕದ ಹಲವು ಪಟ್ಟನ್ನು ಪಕ್ಕದವಳು ಕೊಡುತ್ತಿರಬಹುದು.

ಹಿಂದಿರುಗುವ ಬಸ್ಸಿನಲ್ಲಿ ಒಂದು ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದೆವು. ನಲವತ್ತು ಲಕ್ಷ ಸಾಲ, ಶೇಕಡ ಹತ್ತರ ಬಡ್ಡಿ ಎಂದಿಟ್ಟುಕೊಂಡರೂ ವರ್ಷಕ್ಕೆ ನಾಲ್ಕು ಲಕ್ಷ, ತಿಂಗಳಿಗೆ ಮೂವತ್ತಮೂರು ಸಾವಿರಕ್ಕೂ ಮೇಲೆ ಬರಿಯ ಬಡ್ಡಿ. ಓದು ನಾಲ್ಕೂವರೆ ವರ್ಷ, ಬಳಿಕ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಅಷ್ಟಕ್ಕೆ ನಿಲ್ಲುವವರು ಈಗ ಯಾರು? ಸ್ನಾತಕೋತ್ತರ ಪದವಿಗೆ ಮತ್ತೆ ಪರೀಕ್ಷೆ, ಮತ್ತೆ ಮೂರು ವರ್ಷ. ಇಷ್ಟು ಬಡ್ಡಿ ಹೊತ್ತ ಡಾಕ್ಟರು ಮುಂಡಗೋಡಕ್ಕೆ ಬಂದು ಬಡವರ ನಾಡಿ ಹಿಡಿಯುವುದುಂಟೆ? ಹುಡುಗಿಗೆ ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವಳೇ ಕಿಟಕಿಯ ಹೊರಗೆ ನೋಡುತ್ತ, “ಇಷ್ಟು ಸಾಲ ತೀರಿಸಬೇಕಾದರೆ ನಾನು ಬೆಂಗಳೂರಿನಲ್ಲೇ ಇರಬೇಕಾಗುತ್ತದೆ, ಅಲ್ಲವೇ ಕಾಕಾ?” ಎಂದಳು.

ಆ ರಾತ್ರಿಯೇ ತಂದೆ ಮಗಳು ಪಾಳಾಕ್ಕೆ ಹೋದರು. ಅಜ್ಜಿ ಗದ್ದೆ ಮಾರಲು ಅಡ್ಡ ಬರುವರೆಂದು ಮಿತ್ರರು ಅಂಜಿದ್ದರು. ನಡೆದದ್ದು ಬೇರೆ. “ಮಾರೂದಾದ್ರ ಮಾರು, ಸಹಿ ಹಾಕ್ತೀನಿ. ನಿಮ್ಮಪ್ಪ ರಸ್ತ್ಯಾಗ ಹ್ವಾದಾ. ಗದ್ದಿ ಇಟಗೊಂಡು ನಾ ಏನ ಮಾಡ್ಲಿ?” ಎಂದು ಆಕೆ ಕಾಗದ ತರಹೇಳಿದರಂತೆ. ಬೇಡವೆಂದವಳು ಹುಡುಗಿಯೇ. ಖಾಲಿ ಹಾಸಿಗೆಗಳ ಕಥೆಯನ್ನು ಅಜ್ಜಿಗೆ ಹೇಳಿ, ಇನ್ನೊಂದು ವರ್ಷ ಓದುತ್ತೇನೆ ಎಂದಳು.

ಆ ವರ್ಷ ಸುಖವಾಗಿತ್ತೆಂದು ಹೇಳಲಾರೆ. ಜೊತೆಯವರು ಬಿಳಿಯ ಕೋಟು ತೊಟ್ಟ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುತ್ತ ಹುಡುಗಿ ಕೋಣೆಯಲ್ಲಿ ಕುಳಿತಿದ್ದಳು. ನೆಂಟರು ಮದುವೆಯ ಮಾತು ತಂದರು. ತಂದೆಗೆ ನಿದ್ರೆ ಬರಲಿಲ್ಲ. ನನಗೂ ಬರಲಿಲ್ಲ, ಏಕೆಂದರೆ ಆ ಮಂಗಳವಾರದ ಪ್ರಯಾಣ ನನ್ನ ಸಲಹೆ. ಅವಳು ಎರಡನೆಯ ಬಾರಿ ಹಿಂದೆ ಬಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೆಂಬುದನ್ನೂ ವಾಚಕರು ಗಮನಿಸಬೇಕು.

ಸರ್ಕಾರಿ ಕಾಲೇಜು ಎರಡನೆಯ ಸಲವೂ ಕೈತಪ್ಪಿತು. ಆದರೆ ಮತ್ತೊಂದು ಖಾಸಗಿ ಕಾಲೇಜಿನಲ್ಲಿ, ಅದೂ ಕೆಲವೇ ವರ್ಷಗಳ ಹಿಂದೆ ತೆರೆದದ್ದರಲ್ಲಿ, ಸರ್ಕಾರಿ ಕೋಟಾದ ಸೀಟು ದೊರೆಯಿತು. ಶುಲ್ಕ ಮೊದಲಿನದರ ಸುಮಾರು ಎಂಟನೆಯ ಒಂದು ಪಾಲು. ಹಣ ಕಟ್ಟುವ ಮೊದಲು ಹುಡುಗಿ ತಾನೇ ಅಲ್ಲಿಗೆ ಹೋಗಿ ಹೊರರೋಗಿಗಳ ವಿಭಾಗದಲ್ಲಿ ಅರ್ಧ ದಿನ ಕುಳಿತು ಬಂದಳು. “ಕುಳಿತುಕೊಳ್ಳಲು ಜಾಗವೇ ಸಿಗಲಿಲ್ಲ!” ಎಂದು ಅವಳು ಫೋನಿನಲ್ಲಿ ಕೂಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬ್ಯಾಂಕಿನ ವಿದ್ಯಾಭ್ಯಾಸದ ಸಾಲ ಆಸ್ತಿಯ ಅಡಮಾನವಿಲ್ಲದೆ ಏಳೂವರೆ ಲಕ್ಷದ ವರೆಗೆ ದೊರೆಯುತ್ತದೆ. ಅದರಲ್ಲಿಯೇ ಶುಲ್ಕವೆಲ್ಲ ಹೊಂದುವಂತಿದೆ.

ಕಳೆದ ದೀಪಾವಳಿಗೆ ಪಾಳಾಕ್ಕೆ ಹೋಗಿದ್ದೆ. ಗದ್ದೆಯಲ್ಲಿ ಭತ್ತ ಬಾಗಿತ್ತು. ದಂಡೆಯ ಮೇಲಿನ ಹೊಲಗಳವರು ಗೋವಿನ ಜೋಳ ಒಣಗಿಸುತ್ತಿದ್ದರು. ಜಗಲಿಯ ಮೇಲೆ ಅಜ್ಜಿ ಮೊಮ್ಮಗಳ ಎದುರಿಗೆ ಕಾಲು ಚಾಚಿ ಕುಳಿತು, ಮಂಡಿಯ ನೋವಿಗೆ ಮದ್ದು ಕೊಡು ಎಂದು ಪೀಡಿಸುತ್ತಿದ್ದರು.

“ನಾವಿನ್ನೂ ಎಲುಬು ಎಣಸೂದು ಕಲಿಯಾಕತ್ತೇವಿ, ಅಜ್ಜಿ.”

“ಎಣಸು, ಎಣಸು. ಆದ್ರ ಲಗೂನ ಎಣಸು.”