ಚಡ್ಡಿ ಇದ್ದಷ್ಟು ಕಾಲು ಚಾಚು!

ಬೆಳಗಿನ ಆರೂವರೆ. ಶಾಲೆಯ ಸಭಾಂಗಣದಲ್ಲಿ ಜಮಖಾನದ ಮೇಲೆ ಹುಡುಗರು ಸಾಲಾಗಿ ನಿಂತಿದ್ದಾರೆ. 'ಕಾಲು ಅಗಲಿಸಿ, ಬಲಗೈ ಕೆಳಗೆ, ಎಡಗೈ ಮೇಲೆ' ಎಂದು ಯೋಗ ಮೇಷ್ಟ್ರು ತ್ರಿಕೋನಾಸನ ಹೇಳಿಕೊಡುತ್ತಿದ್ದಾರೆ. ಹಿಂದಿನ ಸಾಲಿನಿಂದ 'ಪರ್' ಎಂದು ಸದ್ದು. ಎಲ್ಲರ ಕತ್ತೂ ಅತ್ತ ತಿರುಗುತ್ತದೆ. ಎಂಟನೇ ತರಗತಿಯ ಹುಡುಗನೊಬ್ಬ ಎರಡೂ ಕೈ ಹಿಂದಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಾನೆ. ಮುಖ ಕೆಂಪು. ಉಳಿದವರ ನಗು ನಿಲ್ಲುವುದೇ ಇಲ್ಲ. ಮರುದಿನ ಆ ಹುಡುಗ ಬರುವುದಿಲ್ಲ, ಅದರ ಮರುದಿನವೂ ಇಲ್ಲ. ಮನೆಯಲ್ಲಿ ಕೇಳಿದರೆ 'ಹೋಮ್‌ವರ್ಕ್ ಇದೆ' ಎಂಬ ಉತ್ತರ.

ಇಂಥ ಹುಡುಗ ಯಾವ ಊರಿನಲ್ಲಾದರೂ ಸಿಕ್ಕಾನು. ಯೋಗ ಬಿಟ್ಟ ಮಕ್ಕಳಿಗೆಲ್ಲ ಸೋಮಾರಿತನದ ಹಣೆಪಟ್ಟಿ ಕಟ್ಟುವ ಮುನ್ನ ಅವರು ತೊಟ್ಟಿದ್ದ ಬಟ್ಟೆಯನ್ನೊಮ್ಮೆ ನೋಡುವುದು ಒಳ್ಳೆಯದು. ಮಗನಿಗೆ ಕ್ರಿಕೆಟ್ ಬ್ಯಾಟ್ ಕೊಡಿಸುವಾಗ ನಾಲ್ಕು ಅಂಗಡಿ ಸುತ್ತುವ ಅಪ್ಪ, ಯೋಗಕ್ಕೆ ಮಾತ್ರ 'ಯಾವುದೋ ಒಂದು ಹಳೇ ಚಡ್ಡಿ ಹಾಕ್ಕೊಂಡು ಹೋಗು' ಎಂದುಬಿಡುತ್ತಾರೆ. ಯೋಗಕ್ಕೆ ಹೆಚ್ಚಿನ ಸಲಕರಣೆ ಬೇಡ ಎಂಬುದು ನಿಜ. ಆದರೆ ಬೇಕಾದ ಒಂದೆರಡು ವಸ್ತುಗಳಲ್ಲಿ ಚಡ್ಡಿಯೂ ಒಂದು.

ಲಂಗೋಟಿಯಿಂದ ಚಡ್ಡಿಗೆ

ಹಿಂದಿನವರಿಗೆ ಈ ತೊಂದರೆ ಇರಲಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಹುಡುಗರಿಗೆ ಯೋಗ ಕಲಿಸುತ್ತಿದ್ದ ಕಾಲದ ಚಿತ್ರಗಳನ್ನು ನೋಡಿದರೆ ಲಂಗೋಟಿಯೇ ಕಾಣುತ್ತದೆ. ಗರಡಿ ಮನೆಯ ಪೈಲ್ವಾನರದೂ ಅದೇ ಉಡುಪು. ಲಂಗೋಟಿಯಲ್ಲಿ ಹರಿಯಲು ಹೊಲಿಗೆಯಿಲ್ಲ, ಒತ್ತಲು ಗುಂಡಿಯಿಲ್ಲ, ಕಾಲು ಎತ್ತ ಚಾಚಿದರೂ ತಡೆಯಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ 1966ರಲ್ಲಿ ಪ್ರಕಟಿಸಿದ 'ಲೈಟ್ ಆನ್ ಯೋಗ' ಪುಸ್ತಕದಲ್ಲಿ ಸುಮಾರು 600 ಚಿತ್ರಗಳಿವೆ. ಅಲ್ಲೂ ಅವರ ಮೈಮೇಲೆ ಇರುವುದು ತುಂಡು ಉಡುಪು ಮಾತ್ರ. ಮಂಡಿ ಎಲ್ಲಿದೆ, ತೊಡೆ ಹೇಗೆ ತಿರುಗಿದೆ ಎಂಬುದು ಓದುಗನ ಕಣ್ಣಿಗೆ ಸ್ಪಷ್ಟವಾಗಿ ಬೀಳುತ್ತದೆ.

ಇಂದಿನ ಹುಡುಗನಿಗೆ ಲಂಗೋಟಿ ಕಟ್ಟಿಕೊಂಡು ಬಾ ಎನ್ನಲಾಗದು. ಅಯ್ಯಂಗಾರ್ ಪದ್ಧತಿಯ ಶಾಲೆಗಳಲ್ಲಿ ಬಳಕೆಗೆ ಬಂದ, ತೊಡೆಯ ಬಳಿ ಎಲಾಸ್ಟಿಕ್ ಇರುವ ಪುಟ್ಟ ಚಡ್ಡಿ ಹೊರದೇಶಗಳಲ್ಲೂ 'ಪುಣೆ ಶಾರ್ಟ್ಸ್' ಎಂದೇ ಹೆಸರಾಗಿದೆ. ಕಾಲು ಮೇಲೆತ್ತಿದಾಗ ಬಟ್ಟೆ ಜಾರದಿರಲೆಂದು ಆ ಎಲಾಸ್ಟಿಕ್. ಮಾನವೂ ಉಳಿಯಬೇಕು, ಮಂಡಿಯೂ ಕಾಣಬೇಕು ಎಂಬ ಎರಡು ಬೇಡಿಕೆಗೆ ಅದೊಂದು ಉತ್ತರ.

ಮಂಡಿ ಕಾಣಬೇಕೆಂಬುದು ಬರೀ ಶಿಸ್ತಿನ ಮಾತಲ್ಲ. ತ್ರಿಕೋನಾಸನದಲ್ಲಿ ಮಂಡಿಚಿಪ್ಪು ಪಾದದ ದಿಕ್ಕಿಗೇ ನೋಡುತ್ತಿರಬೇಕು. ವೀರಭದ್ರಾಸನದಲ್ಲಿ ಮಡಿಸಿದ ಮಂಡಿ ಒಳಕ್ಕೆ ವಾಲಬಾರದು. ಪದ್ಮಾಸನದಲ್ಲಿ ಸೊಂಟದ ಕೀಲು ತಿರುಗದಿದ್ದಾಗ ಕಾಲನ್ನು ಬಲವಂತವಾಗಿ ಎಳೆದರೆ ಪೆಟ್ಟು ಬೀಳುವುದು ಮಂಡಿಗೆ. ದೊಗಲೆ ಪೈಜಾಮದೊಳಗೆ ಅಡಗಿದ ಮಂಡಿಯ ತಪ್ಪನ್ನು ಯಾವ ಮೇಷ್ಟ್ರು ತಾನೇ ಕಂಡಾರು? ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

ನಾಲ್ಕು ಹೊಲಿಗೆ ಕೂಡುವಲ್ಲಿ

ಚಡ್ಡಿ ಹರಿಯುವುದೇಕೆ? ಸಾಮಾನ್ಯ ಚಡ್ಡಿಯಲ್ಲಿ ಮುಂದಿನ, ಹಿಂದಿನ ಹಾಗೂ ಎರಡು ಕಾಲುಗಳ ಒಳಹೊಲಿಗೆಗಳು ತೊಡೆಸಂದಿನಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಕಾಲು ಅಗಲಿಸಿದಾಗ ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬಟ್ಟೆ ಹೆಚ್ಚು ಬೇಕು. ಅಷ್ಟು ಬಟ್ಟೆ ಅಲ್ಲಿ ಇಲ್ಲದಿದ್ದರೆ ಎಳೆತವೆಲ್ಲ ಆ ಬಿಂದುವಿನ ಮೇಲೇ ಬೀಳುತ್ತದೆ. ಒಂದೋ ಹೊಲಿಗೆ ಬಿಡುತ್ತದೆ, ಇಲ್ಲವೇ ಸೊಂಟದ ಪಟ್ಟಿ ಹಿಂದಿನಿಂದ ಕೆಳಕ್ಕೆ ಜಾರುತ್ತದೆ.

ಇದಕ್ಕೆ ಪರಿಹಾರ ಹಳೆಯದು, ಸುಲಭವಾದದ್ದು. ತೊಡೆಸಂದಿನಲ್ಲಿ ವಜ್ರಾಕಾರದ ಒಂದು ತುಂಡು ಬಟ್ಟೆಯನ್ನು ಸೇರಿಸಿ ಹೊಲಿಯುವುದು. ಆಗ ನಾಲ್ಕು ಹೊಲಿಗೆಗಳೂ ಒಂದೆಡೆ ಕೂಡುವುದಿಲ್ಲ, ಎಳೆತ ಹಂಚಿಹೋಗುತ್ತದೆ, ಕಾಲಿಗೆ ಬೇಕಾದ ಅಗಲವೂ ಸಿಗುತ್ತದೆ. ಅಂಗಡಿಯಲ್ಲಿ ಚಡ್ಡಿಯನ್ನು ಒಳಮಗ್ಗುಲು ತಿರುಗಿಸಿದರೆ ಈ ತುಂಡು ಇದೆಯೇ ಇಲ್ಲವೇ ಎಂಬುದು ತಕ್ಷಣ ಗೊತ್ತಾಗುತ್ತದೆ. ಚಡ್ಡಿಯ ಗುಣ ಅಳೆಯಲು ಇದಕ್ಕಿಂತ ಒಳ್ಳೆಯ ಗುರುತು ಬೇಡ.

ಇನ್ನು 'ಬೆಳೆಯೋ ಹುಡುಗ ಕಣೋ, ದೊಡ್ಡದೇ ಇರ್ಲಿ' ಎಂಬ ಅಪ್ಪಂದಿರ ಲೆಕ್ಕಾಚಾರ. ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಹುಡುಗರು ವರ್ಷಕ್ಕೆ 8-10 ಸೆಂಟಿಮೀಟರ್‌ವರೆಗೂ ಎತ್ತರವಾಗುವುದುಂಟು, ನಿಜ. ಆದರೆ ದೊಡ್ಡ ಚಡ್ಡಿಯಲ್ಲಿ ತೊಡೆಸಂದಿನ ಹೊಲಿಗೆ ಕೆಳಕ್ಕೆ ಜೋತುಬೀಳುತ್ತದೆ. ಹಾಗೆ ಜೋತುಬಿದ್ದ ಬಟ್ಟೆ ಎರಡು ತೊಡೆಗಳನ್ನು ಹಗ್ಗದಂತೆ ಕಟ್ಟಿಹಾಕುತ್ತದೆ. ದೊಗಲೆಯಾದಷ್ಟೂ ಸಲೀಸು ಎನ್ನುವುದು ತಪ್ಪು ತಿಳಿವಳಿಕೆ. ಹೊಲಿಗೆ ಮೈಗೆ ಹತ್ತಿರವಿದ್ದಷ್ಟೂ ಕಾಲು ಹೆಚ್ಚು ಅಗಲವಾಗುತ್ತದೆ. ಮೇಲಾಗಿ ಸರ್ವಾಂಗಾಸನದಲ್ಲಿ ಕಾಲು ಮೇಲೆತ್ತಿದ ಕ್ಷಣವೇ ದೊಗಲೆ ಚಡ್ಡಿಯ ಅಂಚು ಸರ್ರನೆ ಸೊಂಟದತ್ತ ಇಳಿಯುತ್ತದೆ. ಆಸನದ ಮೇಲಿರಬೇಕಾದ ಹುಡುಗನ ಗಮನವೆಲ್ಲ ಚಡ್ಡಿ ಹಿಡಿದುಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ಬಟ್ಟೆ ಯಾವುದು?

ಹತ್ತಿಯೋ, ಪಾಲಿಯೆಸ್ಟರೋ? ಹತ್ತಿಯ ನೂಲು ಸಾಧಾರಣ ಹವೆಯಲ್ಲೇ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಹತ್ತಿ ಬೆವರು ಹೀರಿ ಮೃದುವಾಗಿರುತ್ತದೆ, ಆದರೆ ಬೇಗ ಒಣಗುವುದಿಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಅದರಲ್ಲಿ ಉಳಿದುಕೊಳ್ಳುತ್ತದೆ. ಮೈಗೆ ಅಂಟುವುದೂ ಉಂಟು.

ನಿಧಾನವಾಗಿ ಆಸನ ಹಾಕಿ ಪ್ರಾಣಾಯಾಮ, ಶವಾಸನ ಮಾಡುವವರಿಗೆ ಬನಿಯನ್‌ನಂತೆ ಹೆಣೆದ ಹತ್ತಿಯ ಹೊಸೈರಿ ಬಟ್ಟೆ ಹಿತ. ಅದರಲ್ಲಿ ನೂರಕ್ಕೆ ಐದು ಪಾಲಿನಷ್ಟು ಲೈಕ್ರಾ ಬೆರೆತಿದ್ದರೆ ಎಳೆದಾಗ ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಸೂರ್ಯನಮಸ್ಕಾರವನ್ನೇ ಹತ್ತಾರು ಸುತ್ತು ಹಾಕಿ ಬೆವರು ಹರಿಸುವವರಿಗೆ, ಕರಾವಳಿಯ ಸೆಕೆಯಲ್ಲಿ ಅಭ್ಯಾಸ ಮಾಡುವವರಿಗೆ ಬೇಗ ಒಣಗುವ ಮಿಶ್ರ ಬಟ್ಟೆ ವಾಸಿ. ತೀರಾ ನುಣುಪಾದ ಬಟ್ಟೆ ಮಾತ್ರ ಬೇಡ. ಬಕಾಸನದಲ್ಲಿ ಮಂಡಿ ತೋಳಿನ ಮೇಲೆ ಕೂರಬೇಕು; ತೊಡೆಯ ಬಟ್ಟೆ ಜಾರಿದರೆ ಮೂಗು ನೆಲಕ್ಕೆ.

ಮೈಗೆ ಹಿತವಾದರೂ ಜೀನ್ಸ್ ಚಡ್ಡಿ, ಹಲವು ಜೇಬುಗಳ ಚಡ್ಡಿ, ಶಾಲೆಯ ಸಮವಸ್ತ್ರದ ಪ್ಯಾಂಟು ಇವು ಯೋಗಕ್ಕೆ ಸಲ್ಲವು. ಭುಜಂಗಾಸನ, ಧನುರಾಸನಗಳಲ್ಲಿ ಹೊಟ್ಟೆಯ ಮೇಲೆ ಮಲಗಿದಾಗ ಜಿಪ್ಪು, ಗುಂಡಿ, ಲಾಡಿಯ ಗಂಟು ಎಲ್ಲವೂ ಚುಚ್ಚುತ್ತವೆ. ಹಲಾಸನದಲ್ಲಿ ಉರುಳುವಾಗ ಹಿಂದಿನ ಜೇಬು ಬೆನ್ನಹುರಿಗೆ ಒತ್ತುತ್ತದೆ. ಲಾಡಿ ಇರಲೇಬೇಕಿದ್ದರೆ ಗಂಟು ಪಕ್ಕಕ್ಕೆ ಬರುವಂತಿರಲಿ. ಸೊಂಟದ ಎಲಾಸ್ಟಿಕ್ ಅಗಲವಾಗಿರಲಿ. ಕಿರಿದಾದ ಎಲಾಸ್ಟಿಕ್ ದಾರದಂತೆ ಹೊಟ್ಟೆಯನ್ನು ಕೊರೆಯುತ್ತದೆ, ಉಸಿರು ಪೂರ್ತಿ ಕೆಳಗಿಳಿಯಲು ಬಿಡುವುದಿಲ್ಲ. ನಲವತ್ತೈದರ ಮೇಲೆ ಯೋಗಕ್ಕೆ ಕಾಲಿಟ್ಟ, ಕೊಂಚ ಹೊಟ್ಟೆ ಬಂದಿರುವ ಅಪ್ಪಂದಿರಿಗೂ ಈ ಮಾತು ಸಲ್ಲುತ್ತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ

ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಎಲ್ಲ ಚಡ್ಡಿಯೂ ಚೆಂದವೇ. ಯೋಗದ ಚಡ್ಡಿಯನ್ನು ತೊಟ್ಟು ನೋಡುವ ಕೋಣೆಯಲ್ಲೇ ಪರೀಕ್ಷಿಸಬೇಕು. ಒಳಚಡ್ಡಿಯ ಮೇಲೆ ತೊಟ್ಟು ಕುಕ್ಕರಗಾಲಿನಲ್ಲಿ ಕುಳಿತು ನೋಡಿ: ಹಿಂದಿನ ಪಟ್ಟಿ ಕೆಳಕ್ಕೆ ಜಾರಿತೇ? ಒಂದು ಮಂಡಿಯನ್ನು ಎದೆಗೆ ತಂದು ಒತ್ತಿ: ಸೊಂಟ ಕೊರೆಯಿತೇ? ಕಾಲು ಅಗಲಿಸಿ ಮುಂದಕ್ಕೆ ಬಾಗಿ: ತೊಡೆಸಂದಿನಲ್ಲಿ ಬಿಗಿಯಿತೇ? ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ಬೆಳಕಿಗೆ ಹಿಡಿಯಿರಿ: ಆಚೆಯ ಬೆರಳು ಕಾಣುತ್ತದೆಯೇ? ಕಂಡರೆ ಅದನ್ನು ಅಲ್ಲೇ ಬಿಡಿ. ಉದ್ದ ಮಂಡಿಯಿಂದ ಎರಡು ಮೂರು ಇಂಚು ಮೇಲಿದ್ದರೆ ಸಾಕು.

ಸಿದ್ಧ ಉಡುಪು ಒಗ್ಗದಿದ್ದರೆ ಓಣಿಯ ದರ್ಜಿ ಇದ್ದೇ ಇದ್ದಾನೆ. ಸೊಂಟದ ಕೆಳಗಿನ ಸುತ್ತಳತೆಯನ್ನು ನಿಂತಾಗ ಮಾತ್ರವಲ್ಲ, ಕುಳಿತಾಗಲೂ ತೆಗೆಯಲು ಹೇಳಿ. ತೊಡೆಸಂದಿನ ತುಂಡು ಬಟ್ಟೆಯನ್ನು ಮರೆಯದಂತೆ ಹೇಳಿ. ಹಿಂಬದಿ ಮುಂಬದಿಗಿಂತ ಕೊಂಚ ಎತ್ತರವಿರಲಿ, ಬಾಗಿದಾಗ ಸೊಂಟ ಮುಚ್ಚಿರುತ್ತದೆ.

ಚಡ್ಡಿಯಷ್ಟೇ ಮುಖ್ಯ ಅದರೊಳಗಿನದು. ಅಜ್ಜನ ಕಾಲದ ಪಟ್ಟಾಪಟ್ಟಿ ಚಡ್ಡಿಯ ಮೇಲೆ ಇನ್ನೊಂದು ಚಡ್ಡಿ ತೊಟ್ಟರೆ ಬಟ್ಟೆ ಮುದುಡಿ ತೊಡೆ ಉಜ್ಜುತ್ತದೆ. ಹಿಡಿತವಿರುವ, ಆದರೆ ಬಿಗಿಯದ ಹತ್ತಿಯ ಒಳಚಡ್ಡಿ ಸರಿ. ಚಡ್ಡಿ ತೊಡಲು ಮನಸ್ಸಿಲ್ಲದ ಹುಡುಗನಿಗೆ ಒತ್ತಾಯ ಬೇಡ. ಮೈಗೆ ಹೊಂದುವ, ಹಿಗ್ಗುವ ಬಟ್ಟೆಯ ಉದ್ದ ಪ್ಯಾಂಟಿನಲ್ಲೂ ಮಂಡಿಯ ಆಕಾರ ಕಾಣುತ್ತದೆ. ಯೋಗಾಸನವನ್ನು ಕೇಂದ್ರ ಸರ್ಕಾರ 2020ರಲ್ಲಿ ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿದೆ. ಸ್ಪರ್ಧೆಗೆ ಹೋಗುವವರು ಉಡುಪಿನ ನಿಯಮವನ್ನು ಸಂಘಟಕರ ಸುತ್ತೋಲೆಯಲ್ಲಿ ನೋಡಿಕೊಂಡೇ ಕೊಳ್ಳಬೇಕು.

ಹೇಳಿಕೊಳ್ಳಲಾಗದ ತುರಿಕೆ

ಕೊಂಡ ಮೇಲಿನ ಮಾತು ಇನ್ನೊಂದಿದೆ. ಬೆವರಿದ ಚಡ್ಡಿಯನ್ನು ಬ್ಯಾಗಿನಲ್ಲಿ ತುರುಕಿ ಮರುದಿನ ಅದನ್ನೇ ತೊಡುವ ಹುಡುಗರಿದ್ದಾರೆ. ಬಿಸಿ ಮತ್ತು ತೇವ ಸೇರಿದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ತೊಡೆಸಂದಿನಲ್ಲಿ ಉಂಗುರದಂತೆ ಹರಡುವ, ಅಂಚು ಕೆಂಪಾಗಿ ತುರಿಸುವ ಹುಳುಕಡ್ಡಿ ಹುಟ್ಟುವುದು ಹೀಗೆ. ಹುಡುಗ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಔಷಧಿ ಅಂಗಡಿಗೆ ಹೋಗಿ ಯಾವುದೋ ಮುಲಾಮು ತಂದು ಹಚ್ಚುತ್ತಾನೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಎರಡು ದಿನ ತುರಿಕೆ ನಿಂತಂತೆ ಅನಿಸುತ್ತದೆ, ಆಮೇಲೆ ರೋಗ ಇನ್ನಷ್ಟು ಅಗಲಕ್ಕೆ ಹಬ್ಬುತ್ತದೆ. ಚರ್ಮ ತೆಳುವಾಗಿ ಗೆರೆಗಳೂ ಬೀಳಬಹುದು. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಮನೆಯವರ ಮತ್ತು ಚರ್ಮವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳುವುದೇ ಇದಕ್ಕೆ ಮೊದಲ ಮದ್ದು.

ಬಾರದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಎರಡು ಚಡ್ಡಿ ಇಟ್ಟುಕೊಳ್ಳಿ. ಅಭ್ಯಾಸ ಮುಗಿದೊಡನೆ ಒದ್ದೆ ಬಟ್ಟೆ ಬದಲಿಸಿ. ಪ್ರತಿದಿನ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಅರೆಬರೆ ಒಣಗಿದ್ದನ್ನು ತೊಡಬೇಡಿ. ಗೆಳೆಯನ ಚಡ್ಡಿ, ಟವೆಲ್ಲು ಎರವಲು ಬೇಡ. ಲೈಕ್ರಾ ಇರುವ ಬಟ್ಟೆಗೆ ಕುದಿನೀರು, ಬ್ಲೀಚಿಂಗ್ ಪುಡಿ, ಬಿಸಿ ಇಸ್ತ್ರಿ ತಾಗಿಸಿದರೆ ಅದರ ಹಿಗ್ಗುವ ಗುಣವೇ ಹೋಗುತ್ತದೆ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎನ್ನುವುದುಂಟು. ಮದುವೆ ಮನೆಗೆ ಅದು ಸರಿ. ಯೋಗದ ಚಡ್ಡಿಗೆ ಮಾತ್ರ ಅದನ್ನು ತಿರುಗಿಸಿ ಹೇಳಬೇಕು. ಇಲ್ಲಿ ತೊಡುವವನ ಇಚ್ಛೆಯೇ ಮುಖ್ಯ. ತೊಟ್ಟದ್ದು ಮರೆತೇ ಹೋಗುವಂತಿದ್ದರೆ ಅದೇ ಸರಿಯಾದ ಚಡ್ಡಿ.

ಸಭಾಂಗಣದ ಗೋಡೆಗೆ ಒರಗಿ ನಿಂತ ಆ ಹುಡುಗನಿಗೆ ಬೇಕಾದದ್ದು ಬುದ್ಧಿವಾದವಲ್ಲ, 'ಸಂಜೆ ಅಂಗಡಿಗೆ ಹೋಗೋಣ ಬಾ, ನೀನೇ ಕೂತು ಎದ್ದು ನೋಡಿ ಆರಿಸ್ಕೋ' ಎಂಬ ಅಪ್ಪನ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಜಾಣತನ ಮನೆಯ ಖರ್ಚಿಗಿರಲಿ. ಜಮಖಾನದ ಮೇಲೆ ನಿಂತಾಗ ಮಾತ್ರ ಅವನ ಕಾಲು ಚಾಚುವಷ್ಟಕ್ಕೆ ಚಡ್ಡಿ ಇರಲಿ.